ನೆಲದ ಬಿಸಿನೀರು, ಊರಿನ ಈಜುಕೊಳ

ಲಾಲ್‌ಬಾಗ್ ಬಂಡೆ ಹತ್ತದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ವಾಕಿಂಗ್ ಮುಗಿಸಿ ಅಲ್ಲಿ ಕೂತು ಬೆವರು ಆರಿಸಿಕೊಳ್ಳುತ್ತೇವೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಪಕ್ಕದಲ್ಲೇ ಫಲಕ ಇದೆ. ಓದುವವರು ಕಡಿಮೆ ಬಿಡಿ.

ಈಜುಕೊಳದ ಬಗ್ಗೆ ಮಾತಾಡಿ ಅಂತ ಕರೆದರೆ ಈಯಮ್ಮ ಕಲ್ಲು ಹಿಡಿದು ಕೂತಳಲ್ಲ ಅಂದುಕೊಳ್ಳಬೇಡಿ. ಭೂವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು ನಾನು. ಎಲ್ಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ನೆಲದ ಕಡೆಗೆ. ಐಸ್‌ಲ್ಯಾಂಡಿನಲ್ಲಿ ಬಟಾಬಯಲಲ್ಲಿ, ಹಿಮ ಬೀಳುವಾಗ, ಬಿಸಿನೀರಲ್ಲಿ ಈಜಿದೆ ಅಂತ ಹೇಳಿದರೆ ನೀವು ಕೇಳುವ ಮೊದಲ ಪ್ರಶ್ನೆ, "ಆ ನೀರು ಯಾಕೆ ಬಿಸಿ?" ಎರಡನೆಯದು, "ನಮ್ಮಲ್ಲಿ ಯಾಕಿಲ್ಲ?" ಎರಡಕ್ಕೂ ಉತ್ತರ ಲಾಲ್‌ಬಾಗಿನಲ್ಲೇ ಇದೆ.

ನಮ್ಮ ಕಾಲ ಕೆಳಗಿನ ನೆಲ ಬಹಳ ಹಳೆಯದು. ಒಲೆ ಆರಿ ಎಷ್ಟೋ ಹೊತ್ತಾದ ಬಚ್ಚಲ ಹಂಡೆ ಹೇಗಿರುತ್ತದೋ ಹಾಗಿದೆ ಇದು. ಒಳಗೆ ಬಿಸಿ ಪೂರ್ತಿ ಹೋಗಿಲ್ಲ, ಆದರೆ ಕೈಗೆ ಸಿಗುವುದೂ ಇಲ್ಲ. ಕೋಲಾರದ ಚಿನ್ನದ ಗಣಿ ನೆನಪಿಸಿಕೊಳ್ಳಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಷ್ಟು ಆಳಕ್ಕೆ ಇಳಿದರೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಲ್ಲಿ ದುಡಿದವರಿಗೆ ಅದೇ ನರಕ, ಮೇಲಿಂದ ತಣ್ಣನೆಯ ಗಾಳಿ ಕಳಿಸಬೇಕಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಈಗ ಐಸ್‌ಲ್ಯಾಂಡಿಗೆ ಬನ್ನಿ. ಅಲ್ಲಿನ ಭೂವಿಜ್ಞಾನಿಗಳು ಯಾವುದನ್ನು 'ಹೆಚ್ಚು ಬಿಸಿಯ ಪ್ರದೇಶ' ಅಂತ ಕರೆಯುತ್ತಾರೆ ಗೊತ್ತಾ? 1 ಕಿಲೋಮೀಟರ್ ಆಳದೊಳಗೆ 200 ಡಿಗ್ರಿ ಸಿಗುವ ಜಾಗವನ್ನು. ನಾವು 3 ಕಿಲೋಮೀಟರ್ ಇಳಿದು 60 ಚಿಲ್ಲರೆ, ಅವರು 1 ಕಿಲೋಮೀಟರಿಗೆ 200.

ಕಾರಣ ಏನು ಅಂದರೆ ಐಸ್‌ಲ್ಯಾಂಡ್ ಇನ್ನೂ ಹುಟ್ಟುತ್ತಾ ಇರುವ ನೆಲ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದು ಬಿರುಕು ಓಡುತ್ತದೆ. ಒಂದು ಕಡೆ ಅಮೆರಿಕದ ಫಲಕ, ಅಂದರೆ ಅಮೆರಿಕವನ್ನು ಹೊತ್ತ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಇನ್ನೊಂದು ಕಡೆ ಯುರೋಪಿನ ಫಲಕ. ಎರಡೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರಿಯುತ್ತಿವೆ. ನಡುವಿನ ಸಂದಿಯಲ್ಲಿ ಕೆಳಗಿಂದ ಲಾವಾ ಏರಿ ಬಂದು ಹೆಪ್ಪುಗಟ್ಟುತ್ತದೆ. ಉಳಿದ ಕಡೆ ಇದೆಲ್ಲ ಸಮುದ್ರದ ಅಡಿಯಲ್ಲಿ ನಡೆಯುತ್ತದೆ. ಐಸ್‌ಲ್ಯಾಂಡಿನಲ್ಲಿ ಮಾತ್ರ ಅದು ನೀರಿನ ಮೇಲೆ ಎದ್ದು ನಿಂತಿದೆ. ಅಲ್ಲಿನ ಅತಿ ಹಳೆಯ ಕಲ್ಲಿಗೂ 1.6 ಕೋಟಿ ವರ್ಷ ಅಷ್ಟೇ. ನಮ್ಮ ಲಾಲ್‌ಬಾಗ್ ಬಂಡೆಯ ಮುಂದೆ ನಿನ್ನೆ ಮೊನ್ನೆಯದು. ಕಲ್ಲಿನ ಜಾತಿ ಮಾತ್ರ ನಮಗೆ ಹೊಸದಲ್ಲ. ಅದು ಕಪ್ಪು ಬಸಾಲ್ಟ್, ಲಾವಾ ಆರಿ ಆದ ಕಲ್ಲು. ವಿಜಯಪುರದ ಗೋಲ್ ಗುಂಬಜ್ ಕಟ್ಟಿರುವುದು ಅದರಲ್ಲೇ. ಬೀದರ್, ಕಲಬುರಗಿ ಕಡೆಯ ಕರಿಮಣ್ಣು ಹುಟ್ಟಿದ್ದೂ ಅದರಿಂದಲೇ. ನಮ್ಮ ಬಸಾಲ್ಟ್ ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದು ತಣ್ಣಗಾಗಿದೆ. ಅವರದ್ದು ಈಗಲೂ ಆಗಾಗ ಹರಿಯುತ್ತಿದೆ.

ಮಳೆ, ಹಿಮ ಕರಗಿದ ನೀರು ಈ ಬಿರುಕುಗಳಲ್ಲಿ ಇಳಿದು, ಕೆಳಗೆ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ಡೇಲ್ದರ್‌ತುಂಗುಕ್ವೆರ್ ಅಂತ ಒಂದು ಊಟೆ ಇದೆ. ಹೆಸರು ಹೇಳುವಷ್ಟರಲ್ಲಿ ನೀರು ಆರುತ್ತದೆ ಅನ್ನಬೇಡಿ, ಆರುವುದಿಲ್ಲ. 97 ಡಿಗ್ರಿ ಬಿಸಿ, ಸೆಕೆಂಡಿಗೆ 180 ಲೀಟರ್. ನಮ್ಮ ಕಡೆ ಒಂದು ಸಾಮಾನ್ಯ ಟ್ಯಾಂಕರ್ ನೀರನ್ನು ಅದು ಅರ್ಧ ನಿಮಿಷದಲ್ಲಿ ತುಂಬಿಸಿಬಿಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾದವರಿಗೆ ಆ ಊಟೆಯ ಮುಂದೆ ನಿಂತಾಗ ಹೊಟ್ಟೆ ಉರಿಯುತ್ತದೆ, ಹೇಳಿರುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನೆಲ ಬಿಸಿನೀರು ಕೊಟ್ಟಿತು, ನಿಜ. ಈಜುಕೊಳ ಕೊಟ್ಟಿದ್ದು ನೆಲ ಅಲ್ಲ. ಬಿಸಿನೀರು ಅವರ ಹತ್ತಿರ ಸಾವಿರ ವರ್ಷದಿಂದ ಇತ್ತು. ಈಜುಕೊಳಗಳು ಬಂದು ನೂರು ವರ್ಷ ಆಗಿದೆ ಅಷ್ಟೇ. ನಡುವೆ ಜನ ಕೂತು ಯೋಚನೆ ಮಾಡಿದ್ದಾರೆ, ಕಾನೂನು ಮಾಡಿದ್ದಾರೆ, ಪೈಪ್ ಹಾಕಿದ್ದಾರೆ. ಪ್ರವಾಸಿಗರಾದ ನಾವು ನೀರಿನ ಬಿಸಿ ನೋಡಿ ಬೆರಗಾಗಿ ಬರುತ್ತೇವೆ. ನೋಡಬೇಕಾದ್ದು ಈ ನಡುವಿನ ಕಥೆ.

ಹಳೆಯದರಿಂದ ಹೇಳುತ್ತೇನೆ. ಕ್ರಿ.ಶ. 1000ದ ಸುಮಾರಿಗೆ ಐಸ್‌ಲ್ಯಾಂಡಿನ ಸಭೆ ಕ್ರೈಸ್ತ ಧರ್ಮಕ್ಕೆ ಸೇರುವ ತೀರ್ಮಾನ ಮಾಡಿತು. ಸೇರಬೇಕಾದರೆ ನೀರಲ್ಲಿ ಮುಳುಗಿ ದೀಕ್ಷೆ ತೆಗೆದುಕೊಳ್ಳಬೇಕು. ಸಭೆ ಸೇರಿದ್ದ ಜಾಗದ ನೀರು ಕೊರೆಯುವ ತಣ್ಣೀರು. ಉತ್ತರದ ಕಡೆಯವರು, ಧರ್ಮ ಬೇಕಾದರೆ ಬದಲಾಯಿಸುತ್ತೇವೆ, ತಣ್ಣೀರಲ್ಲಿ ಮಾತ್ರ ಮುಳುಗುವುದಿಲ್ಲ ಅಂತ ಪಟ್ಟು ಹಿಡಿದರಂತೆ. ಮನೆಗೆ ಹೋಗುವ ದಾರಿಯಲ್ಲಿ ಲೊಯ್ಗರ್‌ವಾತ್ನ್ ಕೆರೆಯ ಪಕ್ಕದ ಬಿಸಿನೀರ ಊಟೆಯಲ್ಲಿ ಅವರಿಗೆ ದೀಕ್ಷೆ ಆಯಿತು. ಆ ಪುಟ್ಟ ಕೊಳ ಈಗಲೂ ಇದೆ. ಕಾರ್ತಿಕ ಮಾಸದಲ್ಲಿ ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಬೆಳೆದ ನನಗೆ ಇವರ ಮೇಲೆ ಬಹಳ ಪ್ರೀತಿ ಬಂತು.

ಅಲ್ಲಿಂದ ಇನ್ನೂರು ಚಿಲ್ಲರೆ ವರ್ಷ ದಾಟಿದರೆ ಸ್ನೋರಿ ಸ್ಟುರ್ಲುಸನ್ ಸಿಗುತ್ತಾನೆ. ಕವಿ, ಇತಿಹಾಸಕಾರ, ರಾಜಕಾರಣಿ, ಮೂರೂ. ರೇಕ್‌ಹೋಲ್ಟ್ ಎಂಬ ಊರಲ್ಲಿ ಅವನ ಮನೆಯಂಗಳದಲ್ಲಿ ಸುಮಾರು 4 ಮೀಟರ್ ಅಗಲದ ದುಂಡನೆಯ ಕಲ್ಲಿನ ಕೊಳ ಇದೆ. ಊಟೆಯಿಂದ ಕಲ್ಲಿನ ಕಾಲುವೆಯಲ್ಲಿ ನೀರು ತಂದಿದ್ದಾರೆ. ನಮ್ಮ ದೇವಸ್ಥಾನದ ಕಲ್ಯಾಣಿಗಳನ್ನು ನೋಡಿದವರಿಗೆ ಅದು ಚಿಕ್ಕದು ಅನ್ನಿಸುತ್ತದೆ. ಆದರೆ ಆ ಕಾಲುವೆ ನೋಡಿ ನನಗೆ ಖುಷಿಯಾಯಿತು. ಕುದಿಯುವ ನೀರನ್ನು ದಾರಿಯಲ್ಲಿ ಎಷ್ಟು ತಣಿಸಿದರೆ ಮೈಗೆ ಹಿತ ಅಂತ ಆಗಲೇ ಲೆಕ್ಕ ಹಾಕಿದ್ದರು. 1241ರಲ್ಲಿ ಸ್ನೋರಿಯನ್ನು ಅದೇ ಮನೆಯಲ್ಲಿ ಕೊಂದರು. ಅದು ಬೇರೆ ಕಥೆ, ಇವತ್ತು ಬೇಡ.

ಬಿಸಿನೀರಿನ ನಿಜವಾದ ಕೆಲಸ ನಡೆದಿದ್ದು ಬಟ್ಟೆ ಒಗೆಯುವುದರಲ್ಲಿ. ರಾಜಧಾನಿ ರೇಕ್ಯಾವಿಕ್ ಪೇಟೆಯಿಂದ ಸುಮಾರು 3 ಕಿಲೋಮೀಟರ್ ದೂರದ ಕಣಿವೆಯಲ್ಲಿ ಬಿಸಿ ಊಟೆಗಳಿದ್ದವು. ಹೆಂಗಸರು ಬಟ್ಟೆಯ ಗಂಟು ಹೊತ್ತು, ಹಿಮದಲ್ಲಿ ಅಷ್ಟು ದೂರ ನಡೆದು, ಒಗೆದು, ಒದ್ದೆ ಬಟ್ಟೆಯ ಭಾರ ಹೊತ್ತು ವಾಪಸ್ ಬರುತ್ತಿದ್ದರು. ಕುದಿಯುವ ನೀರಿಗೆ ಜಾರಿ ಬಿದ್ದು ಸತ್ತವರೂ ಇದ್ದಾರೆ. ಆಮೇಲೆ ಕಬ್ಬಿಣದ ಕಂಬಿ ಹಾಕಿದರು. ಆ ಒಗೆಯುವ ತೊಟ್ಟಿಗಳ ಗುರುತು ಈಗಲೂ ಇದೆ, ಹೋದರೆ ನೋಡಿ. ಪ್ರವಾಸಿಗರು ಯಾರೂ ಇರುವುದಿಲ್ಲ.

1930ರಲ್ಲಿ ಅದೇ ಕಣಿವೆಯಲ್ಲಿ ಕೊಳವೆ ಬಾವಿ ಕೊರೆದು, 3 ಕಿಲೋಮೀಟರ್ ಪೈಪ್ ಹಾಕಿ, ಬಿಸಿನೀರನ್ನು ಊರಿನ ಒಂದು ಶಾಲೆಗೆ ತಂದರು. ಹೆಂಗಸರು ನಡೆದಷ್ಟೇ ದೂರ ನೀರು ಈ ಕಡೆಗೆ ನಡೆದು ಬಂತು. ಆಮೇಲೆ ಆಸ್ಪತ್ರೆ, ಕೆಲವು ಮನೆ, 1937ರಲ್ಲಿ ಒಳಾಂಗಣದ ಈಜುಕೊಳ. 1970ರ ದಶಕದಲ್ಲಿ ಎಣ್ಣೆ ಬೆಲೆ ಏರಿದಾಗ ದೇಶಕ್ಕೆ ದೇಶವೇ ಇದರ ಹಿಂದೆ ಬಿತ್ತು. ಈಗ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಾಗುವುದು ನೆಲದ ಬಿಸಿಯಿಂದಲೇ. ನೆಸ್ಯಾವೆಟ್ಲಿರ್ ಎಂಬಲ್ಲಿಂದ ರಾಜಧಾನಿ ಕಡೆಗೆ 27 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಬಿಸಿನೀರು ಬರುತ್ತದೆ. ದಾರಿಯಲ್ಲಿ ಅದು ಕಳೆದುಕೊಳ್ಳುವುದು ಸುಮಾರು 2 ಡಿಗ್ರಿ ಅಷ್ಟೇ. ಅಷ್ಟು ಚೆನ್ನಾಗಿ ಹೊದಿಕೆ ಹಾಕಿದ್ದಾರೆ. ನಮ್ಮ ಮನೆಯಲ್ಲಿ ತಾರಸಿಯ ಸೋಲಾರ್‌ನಿಂದ ಕೆಳಗಿನ ಬಚ್ಚಲಿಗೆ ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಬಿಡಬೇಕು. ಆ ಪೈಪ್ ಕಂಡು ನಾನು ಯಾಕೆ ಫೋಟೋ ತೆಗೆದುಕೊಂಡೆ ಅಂತ ನಮ್ಮನೆಯವರಿಗೆ ಅರ್ಥ ಆಗಲೇ ಇಲ್ಲ.

ಮನೆ ಬೆಚ್ಚಗೆ ಮಾಡಿ ಹೊರಬಂದ ನೀರು ಕೂಡ ಉಗುರು ಬೆಚ್ಚಗೆ ಇರುತ್ತದೆ. ಅದನ್ನು ಫುಟ್‌ಪಾತ್ ಕೆಳಗೆ ಹರಿಸಿ ಹಿಮ ಕರಗಿಸುತ್ತಾರೆ. ಅಂದಮೇಲೆ ಈಜುಕೊಳ ಅವರಿಗೆ ಐಷಾರಾಮ ಅಲ್ಲ. ನೀರು ಸರಬರಾಜಿನ ಒಂದು ಕವಲು ಅಷ್ಟೇ.

ಕಾನೂನಿನ ವಿಷಯಕ್ಕೆ ಬರೋಣ. ಐಸ್‌ಲ್ಯಾಂಡ್ ಮೀನುಗಾರರ ದೇಶ. ದೋಣಿ ಮಗುಚಿ, ದಡ ಕಣ್ಣೆದುರೇ ಇದ್ದರೂ, ಈಜು ಬಾರದೆ ಸತ್ತವರು ಅದೆಷ್ಟೋ ಜನ. 1940ರಲ್ಲಿ ಶಾಲೆಯಲ್ಲಿ ಈಜು ಕಡ್ಡಾಯ ಆಯಿತು. ನಮ್ಮ ಮಕ್ಕಳಿಗೆ ಮಗ್ಗಿ ಹೇಗೋ ಅಲ್ಲಿನ ಮಕ್ಕಳಿಗೆ ಈಜು ಹಾಗೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಎಲ್ಲ ಮಕ್ಕಳೂ ಕಲಿಯಬೇಕು ಅಂದರೆ ಎಲ್ಲ ಊರಲ್ಲೂ ಕೊಳ ಬೇಕು. ಹಾಗಾಗಿ ಕಟ್ಟಿದರು. ಈಗ ನೂರಕ್ಕೂ ಹೆಚ್ಚು ಸಾರ್ವಜನಿಕ ಈಜುಕೊಳಗಳಿವೆ. ದೇಶದ ಒಟ್ಟು ಜನ ನಾಲ್ಕು ಲಕ್ಷದ ಒಳಗೆ. ನಮ್ಮ ಮಹದೇವಪುರ ಕ್ಷೇತ್ರದ ಮತದಾರರೇ ಅದಕ್ಕಿಂತ ಜಾಸ್ತಿ. ಕೊಳಗಳ ಲೆಕ್ಕ ನೀವೇ ಹಾಕಿ.

ನಾವು ಹೋಗಿದ್ದು ರೇಕ್ಯಾವಿಕ್‌ನ ದೊಡ್ಡ ಕೊಳಕ್ಕೆ. ಲೊಯ್ಗರ್ದಾಲ್ಸ್‌ಲೊಯ್ಗ್ ಅಂತ ಹೆಸರು. 1968ರಲ್ಲಿ ತೆರೆದಿದ್ದು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು ಅಂದೆನಲ್ಲ, ಅದೇ ಕಣಿವೆ. 50 ಮೀಟರ್ ಉದ್ದದ ಕೊಳ, ಮೇಲೆ ಸೂರಿಲ್ಲ. ಟಿಕೆಟ್ ಸಾವಿರ ಚಿಲ್ಲರೆ ಕ್ರೋನ, ನಮ್ಮ ದುಡ್ಡಲ್ಲಿ ಸಾವಿರ ರೂಪಾಯಿಯ ಆಸುಪಾಸು. ಆ ದೇಶದಲ್ಲಿ ಒಂದು ತಟ್ಟೆ ಸೂಪಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇವೆ.

ಬಾಗಿಲಲ್ಲೇ ಶೂ ಬಿಡಬೇಕು. ಇದು ನಮಗೆ ಕಷ್ಟ ಅಲ್ಲ. ಕಷ್ಟ ಮುಂದಿದೆ. ನೀರಿಗಿಳಿಯುವ ಮುಂಚೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಈಜುಡುಗೆ ಇಲ್ಲದೆ. ಅಂದರೆ ಪೂರ್ತಿ ಬರಿಮೈ. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ಆದರೆ ಒಳಗೆ ಎಲ್ಲರೂ ಒಟ್ಟಿಗೆ. ಗೋಡೆ ಮೇಲೆ ಮನುಷ್ಯನ ಚಿತ್ರ ಬರೆದು, ಎಲ್ಲೆಲ್ಲಿ ಚೆನ್ನಾಗಿ ತೊಳೆಯಬೇಕು ಅಂತ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ. ತಲೆ, ಕಂಕುಳು, ತೊಡೆಸಂದಿ, ಪಾದ. ನಾಲ್ಕಾರು ಭಾಷೆಯಲ್ಲಿ ಬರೆದಿದೆ, ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ನೋಡಿಕೊಳ್ಳಲು ಒಬ್ಬರು ಅಲ್ಲೇ ಇರುತ್ತಾರೆ. ಈಜುಡುಗೆಯಲ್ಲೇ ಶವರ್ ಕೆಳಗೆ ನಿಂತು ಬಂದರೆ ವಾಪಸ್ ಕಳಿಸುತ್ತಾರೆ.

ನಮ್ಮನೆಯವರು ಆ ಚಿತ್ರವನ್ನು ಟಿಕೆಟ್ ಕೌಂಟರಿನ ಹತ್ತಿರವೇ ನೋಡಿಬಿಟ್ಟರು. "ನೀನು ಹೋಗಿ ಬಾ. ನಾನು ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ" ಅಂದರು. "ಟಿಕೆಟ್ ತಗೊಂಡಾಗಿದೆ ರೀ" ಅಂದೆ. ಕೆಲವು ಸಲ ತತ್ವಕ್ಕಿಂತ ದುಡ್ಡು ಗಟ್ಟಿ. ಒಳಗೆ ಹೋದರು. ಆಮೇಲೆ ಹೇಳಿದ್ದು ಇಷ್ಟು: ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಅಜ್ಜ, ಮಗ, ಮೊಮ್ಮಗ ಸಾಲಾಗಿ ನಿಂತು ತಲೆಗೆ ಸೋಪು ಹಚ್ಚುತ್ತಾ ಏನೋ ಫುಟ್‌ಬಾಲ್ ಜಗಳ ಆಡುತ್ತಿದ್ದರಂತೆ. ನನ್ನ ಕಡೆಯೂ ಅಷ್ಟೇ. ಎಂಬತ್ತು ದಾಟಿದ ಅಜ್ಜಿಯರು, ಬಸುರಿಯರು, ಆಪರೇಷನ್ ಗಾಯದ ಗುರುತಿರುವವರು, ಎಲ್ಲರೂ ಅವರವರ ಪಾಡಿಗೆ. ಸಿನಿಮಾ, ಜಾಹೀರಾತು ತೋರಿಸದ ಮೈಗಳನ್ನು ನೋಡುತ್ತಾ ಬೆಳೆಯುವ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ನಾಚಿಕೆ ಕಡಿಮೆ ಇರಬಹುದು ಅಂತ ನನಗೆ ಅನ್ನಿಸಿತು. ಮುಜುಗರ ಜಾಸ್ತಿ ಇದ್ದರೆ ಕೆಲವು ಕಡೆ ಪರದೆ ಹಾಕಿದ ಶವರ್ ಕೂಡ ಈಗ ಇವೆ, ಕೇಳಿ.

ಈ ನಿಯಮ ಯಾಕೆ ಅಂತ ಸ್ವಲ್ಪ ವಿಜ್ಞಾನ ಹೇಳಲೇಬೇಕು. ಈಜುಕೊಳಕ್ಕೆ ಹೋದ ತಕ್ಷಣ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದಕ್ಕೆ ಕ್ಲೋರಿನ್ ವಾಸನೆ ಅನ್ನುತ್ತೇವೆ. ಆ ಘಾಟಿನ ಬಹುಪಾಲು ಬರಿ ಕ್ಲೋರಿನ್‌ನದಲ್ಲ. ಬೆವರು, ಮೂತ್ರ, ಮೈಯ ಕೊಳೆ ಇವುಗಳ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಎಂಬ ವಸ್ತು ಆಗುತ್ತದೆ. ಕಣ್ಣು ಕೆಂಪಾಗುವುದು, ಗಂಟಲು ಕೆರೆಯುವುದು ಅದರಿಂದ. ಅಂದರೆ ಘಾಟು ಜಾಸ್ತಿ ಇದ್ದರೆ ಕೊಳ ಸ್ವಚ್ಛ ಇದೆ ಅಂತ ಅಲ್ಲ, ಜನ ತೊಳೆದುಕೊಳ್ಳದೆ ಇಳಿದಿದ್ದಾರೆ ಅಂತ. ಎಲ್ಲರೂ ಸೋಪು ಹಚ್ಚಿ ತೊಳೆದು ಬಂದರೆ ಕಡಿಮೆ ಕ್ಲೋರಿನ್ ಸಾಕು. ಅಲ್ಲಿನ ನೀರಿಗೆ ಘಾಟು ಇಲ್ಲದಿರುವ ಗುಟ್ಟು ಇದು. ನಮ್ಮ ಊರಿನ ಕೊಳಗಳಲ್ಲಿ ಏನು ಮಾಡುತ್ತೇವೆ? ಶವರ್ ಕೆಳಗೆ ಹೀಗೆ ಹೋಗಿ ಹಾಗೆ ಬರುತ್ತೇವೆ. ಕೆಲವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಇಳಿಯುತ್ತಾರೆ, ಕೂದಲು ಹಾಳಾಗಬಾರದು ಅಂತ. ಆಮೇಲೆ ನೀರು ಸರಿಯಿಲ್ಲ ಅಂತ ದೂರು ಬರೆಯುತ್ತೇವೆ. ಬಿಸಿನೀರು ತರಲು ಐಸ್‌ಲ್ಯಾಂಡಿನ ನೆಲ ಬೇಕು, ಒಪ್ಪಿದೆ. ಸೋಪು ಹಚ್ಚಲು ಬೇಕಾ?

ಸರಿ, ಸ್ನಾನ ಆಯಿತು. ಈಜುಡುಗೆ ಹಾಕಿಕೊಂಡು ಒದ್ದೆ ಮೈಯಲ್ಲಿ ಹೊರಗಿನ ಬಾಗಿಲು ತೆಗೆದರೆ ಎದುರಿಗೆ ಚಳಿ. ಬೆಂಗಳೂರಿನ ದಾಖಲೆ ಚಳಿ ಅಂದರೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅವತ್ತು ಅಲ್ಲಿ ಸೊನ್ನೆಗಿಂತ ಕೆಳಗೆ ಇತ್ತು. ಬರಿಗಾಲಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೆಯಬೇಕು. ಓಡುವಂತಿಲ್ಲ, ಜಾರುತ್ತದೆ. ಆ ಹೆಜ್ಜೆಗಳಲ್ಲಿ ನನಗೆ ಇಷ್ಟದೇವರು ಕಷ್ಟದೇವರು ಎಲ್ಲರೂ ನೆನಪಾದರು. ಆಮೇಲೆ ನೀರು. ಕಾಲಿಟ್ಟೆ, ಮೊಣಕಾಲು, ಸೊಂಟ, ಕುತ್ತಿಗೆ. ಅಷ್ಟೇ, ಚಳಿ ಅನ್ನುವುದು ಬೇರೆ ಯಾರಿಗೋ ಸಂಬಂಧಪಟ್ಟ ವಿಷಯ ಆಗಿಬಿಟ್ಟಿತು. ನೀರಿನ ಮೇಲೆ ಹಬೆ ಎಷ್ಟು ದಟ್ಟ ಅಂದರೆ ಪಕ್ಕದ ಸಾಲಿನಲ್ಲಿ ಈಜುವವರು ಬರಿ ಸದ್ದು. ಸ್ವಲ್ಪ ಹೊತ್ತಿಗೆ ತಲೆಗೆ ಕೈ ಹಾಕಿದೆ. ಕಿವಿ ಮೇಲಿನ ಕೂದಲು ಗಟ್ಟಿಯಾಗಿ, ಒತ್ತಿದರೆ ಕರಕರ ಅನ್ನುತ್ತಿತ್ತು. ಕುತ್ತಿಗೆ ಕೆಳಗೆ ಬೇಸಿಗೆ, ಮೇಲೆ ಐಸ್.

ಈಜುವ ದೊಡ್ಡ ಕೊಳದ ನೀರು 28, 29 ಡಿಗ್ರಿ ಇರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಈಜುವವರಿಗೆ ಆಯಾಸ. ಪಕ್ಕದಲ್ಲಿ ಚಿಕ್ಕ ಚಿಕ್ಕ ದುಂಡನೆಯ ತೊಟ್ಟಿಗಳು, ಕೂತು ಕುತ್ತಿಗೆವರೆಗೆ ಮುಳುಗುವಷ್ಟು ಆಳ. 38 ಡಿಗ್ರಿ, 40, 42, 44 ಅಂತ ಒಂದೊಂದಕ್ಕೂ ಫಲಕ. ಜನ ನಿಜವಾಗಿ ಬರುವುದು ಇಲ್ಲಿಗೇ. ಸಂಜೆ ಕೆಲಸ ಮುಗಿಸಿ ಬಂದು ಕೂರುತ್ತಾರೆ. ಕೈಯಲ್ಲಿ ಫೋನ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಮಾತು ಬಿಟ್ಟರೆ ಗತಿಯಿಲ್ಲ. ಹವಾಮಾನ, ಮನೆ ಸಾಲದ ಬಡ್ಡಿ, ಸರ್ಕಾರ ಸರಿಯಿಲ್ಲ, ಇದೇ. ಮಂತ್ರಿಯೂ ಬಂದು ಕೂರುತ್ತಾರೆ, ಬಸ್ ಡ್ರೈವರೂ ಕೂರುತ್ತಾರೆ. ಈಜುಡುಗೆಯಲ್ಲಿ ಯಾರು ಯಾರು ಅಂತ ಗೊತ್ತಾಗುವುದಿಲ್ಲವಲ್ಲ. ನಾನು ಹೋದಾಗ ನಮ್ಮನೆಯವರು ಆಗಲೇ 40ರ ತೊಟ್ಟಿಯಲ್ಲಿ ಕೂತು, ಒಬ್ಬ ನಿವೃತ್ತ ಮೀನುಗಾರರಿಗೆ ಕಾವೇರಿ ನೀರಿನ ವಿವಾದ ವಿವರಿಸುತ್ತಿದ್ದರು. ಆ ಪುಣ್ಯಾತ್ಮ ತಲೆಯಾಡಿಸುತ್ತಾ ಕೇಳುತ್ತಿದ್ದರು. ನೀರಿಗೆ ಜಗಳ ಯಾಕೆ ಅಂತ ಅವರಿಗೆ ಕೊನೆಗೂ ತಿಳಿಯಲಿಲ್ಲ ಅನ್ನಿಸುತ್ತದೆ.

ಹೆಂಗಸರಿಗೆ ಒಂದು ಮಾತು. ನೆಲದಿಂದ ಬರುವ ಬಿಸಿನೀರಲ್ಲಿ ಸ್ವಲ್ಪ ಗಂಧಕದ ಅಂಶ ಇರುತ್ತದೆ. ಕೊಳೆತ ಮೊಟ್ಟೆ ವಾಸನೆ ಅಂತಾರಲ್ಲ, ಹೈಡ್ರೋಜನ್ ಸಲ್ಫೈಡ್, ಅದು. ಹೋಟೆಲಿನ ನಲ್ಲಿಯಲ್ಲೂ ಬರುತ್ತದೆ, ಎರಡು ದಿನಕ್ಕೆ ಮೂಗು ಒಗ್ಗುತ್ತದೆ. ಬೆಳ್ಳಿ ಒಗ್ಗುವುದಿಲ್ಲ. ನನ್ನ ಕಾಲುಂಗುರ ಕಪ್ಪಾಗಿ, ಯಾವುದೋ ಕಬ್ಬಿಣದ ಬಳೆ ತುಂಡು ಹಾಕಿಕೊಂಡ ಹಾಗಾಯಿತು. ಗಾಬರಿ ಬೇಡ, ಬೆಳ್ಳಿಯ ಮೇಲೆ ತೆಳ್ಳನೆ ಪದರ ಅಷ್ಟೇ. ಊರಿಗೆ ಬಂದು ವಿಭೂತಿ ಹಾಕಿ ಉಜ್ಜಿದೆ, ಹೋಯಿತು. ಆದರೂ ಗೆಜ್ಜೆ, ಕಾಲುಂಗುರ ತೆಗೆದಿಟ್ಟು ಹೋಗುವುದು ಒಳ್ಳೆಯದು.

ಬ್ಲೂ ಲಗೂನ್ ಬಗ್ಗೆ ಕೇಳೇ ಕೇಳುತ್ತೀರಿ. ಫೋಟೋದಲ್ಲಿ ಹಾಲು ಬೆರೆಸಿದ ನೀಲಿ ಬಣ್ಣದ ನೀರು, ಮುಖಕ್ಕೆ ಬಿಳಿ ಮಣ್ಣು ಬಳಿದುಕೊಂಡ ಜನ. ಅದು ನೈಸರ್ಗಿಕ ಕೊಳ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. 1976ರಲ್ಲಿ ಸ್ವಾರ್ತ್‌ಸೆಂಗಿ ಎಂಬಲ್ಲಿ ಭೂಶಾಖದ, ಅಂದರೆ ನೆಲದ ಬಿಸಿ ಬಳಸುವ, ಸ್ಥಾವರ ಶುರುವಾಯಿತು. ಅದರಿಂದ ಹೊರಬಿಟ್ಟ ನೀರು ಲಾವಾ ಬಯಲಲ್ಲಿ ನಿಂತಿತು. ಇಂಗಿಹೋಗುತ್ತದೆ ಅಂದುಕೊಂಡಿದ್ದರು. ನೀರಲ್ಲಿದ್ದ ಸಿಲಿಕಾ ಎಂಬ ಖನಿಜ ಕಲ್ಲಿನ ಸಂದಿಗಳನ್ನು ಮುಚ್ಚಿದ್ದರಿಂದ ನೀರು ನಿಂತೇಬಿಟ್ಟಿತು. ಚರ್ಮದ ಕಾಯಿಲೆ ಇದ್ದವರು ಇಳಿದು ನೋಡಿ ಹಿತವಾಯಿತು ಅಂದರು, ಸುದ್ದಿ ಹರಡಿತು, ಆಮೇಲೆ ಕಂಪನಿ ಬಂತು. ಟಿಕೆಟ್ ಊರಿನ ಕೊಳದ ಹಲವು ಪಟ್ಟು. ಮೊದಲೇ ಬುಕ್ ಮಾಡಬೇಕು. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನಮ್ಮಂಥ ಪ್ರವಾಸಿಗರೇ. ನೋಡಲು ಚೆಂದ, ಸುಳ್ಳು ಹೇಳುವುದಿಲ್ಲ. ನನ್ನ ಆಯ್ಕೆ ಮಾತ್ರ ಊರಿನ ಕೊಳ. ಇನ್ನೊಂದು ವಿಷಯ, 2023ರ ನವೆಂಬರಿನಲ್ಲಿ ಆ ಸುತ್ತಮುತ್ತ ನೆಲ ನಡುಗಿತು. ಪಕ್ಕದ ಗ್ರಿಂಡಾವಿಕ್ ಊರನ್ನೇ ಖಾಲಿ ಮಾಡಿಸಿದರು. 2024ರ ನವೆಂಬರಿನಲ್ಲಿ ಲಾವಾ ಹರಿದು ಬ್ಲೂ ಲಗೂನಿನ ಪಾರ್ಕಿಂಗ್ ಜಾಗ ಮುಚ್ಚಿಹೋಯಿತು. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ದಕ್ಷಿಣ ಕರಾವಳಿಯ ಕಡೆ ಹೋದರೆ ಸೆಲ್ಯಾವಟ್ಲಾಲೊಯ್ಗ್ ಅಂತ ಒಂದು ಹಳೆಯ ಕೊಳ ಇದೆ. ಸುತ್ತಲಿನ ಹಳ್ಳಿಯವರಿಗೆ ಈಜು ಕಲಿಸಲು 1923ರಲ್ಲಿ ಕಟ್ಟಿದ್ದು. 25 ಮೀಟರ್ ಉದ್ದ. ಒಂದು ಬದಿಯ ಗೋಡೆ ಬೆಟ್ಟದ ಬಂಡೆಯೇ. ಕಾರು ನಿಲ್ಲಿಸಿ ಹಳ್ಳದ ಪಕ್ಕ ಕಲ್ಲು ದಾಟಿಕೊಂಡು ನಡೆಯಬೇಕು. 2010ರಲ್ಲಿ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳೆಲ್ಲ ನಿಂತಿದ್ದು ನೆನಪಿದೆಯಾ? ಅದೇ ಬೆಟ್ಟದ ಬುಡ ಇದು. ಕೊಳದ ತುಂಬ ಬೂದಿ ತುಂಬಿತ್ತು. ಮುಂದಿನ ವರ್ಷ ಸ್ವಯಂಸೇವಕರು ಸೇರಿ ಬಳಿದು ಹೊರಹಾಕಿದರು. ನೀರು ಬರಿ ಉಗುರು ಬೆಚ್ಚಗೆ, ತಳದಲ್ಲಿ ಪಾಚಿ, ಬಟ್ಟೆ ಬದಲಾಯಿಸುವ ಕೋಣೆ ಗಲೀಜು. ಟಿಕೆಟ್ ಇಲ್ಲ, ಕಾವಲಿಲ್ಲ, ಹಾಗಾಗಿ ಸೋಪಿನ ಸ್ನಾನವೂ ಇಲ್ಲ. ಜಾಗ ಅಪೂರ್ವ, ನೀರು ಅಷ್ಟಕ್ಕಷ್ಟೇ. ನಾನು ಕಾಲು ಇಳಿಬಿಟ್ಟು ಕೂತು ಎದ್ದು ಬಂದೆ.

ನಮ್ಮ ದೇಶದಲ್ಲಿ ಬಿಸಿನೀರ ಊಟೆ ಇಲ್ಲವೇ ಇಲ್ಲ ಅಂತಲ್ಲ. ಮುನ್ನೂರಕ್ಕೂ ಜಾಸ್ತಿ ಗುರುತಿಸಿದ್ದಾರೆ. ಹಿಮಾಲಯದಲ್ಲಿ ಫಲಕಗಳು ಡಿಕ್ಕಿ ಹೊಡೆಯುವುದರಿಂದ ನೆಲ ಬಿಸಿ. ಮಣಿಕರಣದ ಗುರುದ್ವಾರದಲ್ಲಿ ಕುದಿಯುವ ಊಟೆಯಲ್ಲೇ ಲಂಗರಿಗೆ, ಅಂದರೆ ಎಲ್ಲರಿಗೂ ಬಡಿಸುವ ಉಚಿತ ಊಟಕ್ಕೆ, ಅನ್ನ ಬೇಯಿಸುತ್ತಾರೆ. ಯಾತ್ರಿಕರು ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಇಳಿಬಿಡುತ್ತಾರೆ. ಐಸ್‌ಲ್ಯಾಂಡಿನ ಲೊಯ್ಗರ್‌ವಾತ್ನ್ ದಡದಲ್ಲಿ ರೈ ಹಿಟ್ಟಿನ ಬ್ರೆಡ್ಡನ್ನು ಪಾತ್ರೆಯಲ್ಲಿ ಮುಚ್ಚಿ ಬಿಸಿ ಮರಳಲ್ಲಿ ಹೂತಿಟ್ಟು, ಒಂದು ದಿನ ಬಿಟ್ಟು ತೆಗೆಯುತ್ತಾರೆ. ಬೆಣ್ಣೆ ಹಚ್ಚಿ ತಿನ್ನಬೇಕು, ಸ್ವಲ್ಪ ಸಿಹಿ. ಲಡಾಖಿನ ಪೂಗಾ ಕಣಿವೆಯಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಪ್ರಯತ್ನ ನಡೆದಿದೆ. ಮುಂಬೈ ಹತ್ತಿರ ವಜ್ರೇಶ್ವರಿ ಇದೆ.

ನಮ್ಮ ಕರ್ನಾಟಕದಲ್ಲೂ ಒಂದಿದೆ, ಗೊತ್ತಾ? ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ. ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ. ನೀರು ಬಂಡೆಯ ಆಳವಾದ ಬಿರುಕಿನಲ್ಲಿ ಇಳಿದು, ಸ್ವಲ್ಪ ಬಿಸಿಯಾಗಿ ಮೇಲೆ ಬರುತ್ತದೆ. ಹಾಗಾಗಿ ಬೆಚ್ಚಗೆ ಅಷ್ಟೇ, ಸುಡುವುದಿಲ್ಲ. ಚರ್ಮರೋಗಕ್ಕೆ ಒಳ್ಳೆಯದು ಅಂತ ನಂಬಿ ಹಿಂದಿನಿಂದ ಜನ ಸ್ನಾನಕ್ಕೆ ಬರುತ್ತಿದ್ದಾರೆ. ಅದನ್ನು ಕಟ್ಟೆ ಕಟ್ಟಿ ಹುಷಾರಾಗಿ ನೋಡಿಕೊಂಡರೆ ಸಾಕು, ರೆಸಾರ್ಟ್ ಮಾಡಲು ಹೊರಡಬಾರದು. ಭೂವಿಜ್ಞಾನದವಳಾಗಿ ಹೇಳುತ್ತೇನೆ, ಸುತ್ತಮುತ್ತ ಸುಮ್ನೆ ಕೊಳವೆ ಬಾವಿ ಕೊರೆಯುತ್ತಾ ಹೋದರೆ ಊಟೆಯ ದಾರಿಯೇ ತಪ್ಪಬಹುದು.

ಬೆಂಗಳೂರಿಗೆ ನೆಲದ ಬಿಸಿ ಸಿಗುವುದಿಲ್ಲ, ಬಿಸಿಲು ಸಿಗುತ್ತದೆ. ತಾರಸಿ ತಾರಸಿ ಮೇಲೆ ಸೋಲಾರ್ ಹಾಕಿದ ಊರು ಇದು. ವಾರ್ಡಿಗೊಂದು ಸಾರ್ವಜನಿಕ ಕೊಳ, ಸೋಲಾರಿನಲ್ಲಿ ಬೆಚ್ಚಗೆ ಮಾಡಿದ ನೀರು, ಶಾಲೆ ಮಕ್ಕಳಿಗೆ ಕಡ್ಡಾಯ ಈಜು. ನಗಬೇಡಿ. ಪ್ರತಿ ಬೇಸಿಗೆಯಲ್ಲೂ ಕೆರೆ, ಕ್ವಾರಿ, ಕೃಷಿ ಹೊಂಡಕ್ಕೆ ಇಳಿದ ಮಕ್ಕಳ ಸುದ್ದಿ ಓದುತ್ತೇವಲ್ಲ. ಐಸ್‌ಲ್ಯಾಂಡಿನವರು 1940ರಲ್ಲಿ ಕಾನೂನು ಮಾಡುವಾಗ ಅದೂ ಬಡ ದೇಶವೇ ಆಗಿತ್ತು.

ಕೊನೆಯಲ್ಲಿ ಕೆಲವರು ಕೇಳಿದ ಪ್ರಶ್ನೆಗಳು. ಬಿಪಿ ಇದ್ದವರು ಇಳಿಯಬಹುದಾ ಅಂತ ಮುಂದಿನ ಸಾಲಿನ ಹಿರಿಯರು ಕೇಳಿದರು. ಬಿಸಿನೀರಲ್ಲಿ ರಕ್ತನಾಳ ಹಿಗ್ಗುತ್ತದೆ, ಬಿಪಿ ಇಳಿಯುತ್ತದೆ. ದಡಕ್ಕನೆ ಎದ್ದರೆ ತಲೆ ಸುತ್ತುತ್ತದೆ. 38ರಿಂದ ಶುರು ಮಾಡಿ, ಹತ್ತು ನಿಮಿಷಕ್ಕೆ ಎದ್ದು ಬನ್ನಿ, ಕಂಬಿ ಹಿಡಿದು ನಿಧಾನಕ್ಕೆ ಏಳಿ, ನೀರು ಕುಡಿಯಿರಿ. 44ರ ತಂಟೆಗೆ ಹೋಗಬೇಡಿ. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಹೋಗಬೇಕು.

ಯಾವ ಉಡುಪು ಅಂತ ಒಬ್ಬ ಹುಡುಗಿ ಕೇಳಿದಳು. ಉದ್ದ ತೋಳಿನ, ಮೊಣಕಾಲು ಮುಚ್ಚುವ ಈಜುಡುಗೆ ನಾನೂ ಹಾಕಿದ್ದೆ ಕಣಮ್ಮ, ಯಾರೂ ಏನೂ ಅನ್ನಲಿಲ್ಲ. ಈಜುಡುಗೆಯ ಬಟ್ಟೆಯದೇ ಆಗಿರಬೇಕು, ಹತ್ತಿ ಚೂಡಿದಾರ ನಡೆಯುವುದಿಲ್ಲ. ಟವೆಲ್ ನೀವೇ ತೆಗೆದುಕೊಂಡು ಹೋಗಿ, ಬಾಡಿಗೆ ಟವೆಲ್ಲಿಗೆ ದುಡ್ಡು ಸುಮ್ನೆ ದಂಡ. ಅದನ್ನು ಲಾಕರಿನಲ್ಲಿ ಬಿಡಬೇಡಿ, ಶವರ್ ಪಕ್ಕದ ಗೂಡಿನಲ್ಲಿ ಇಡಿ. ವಾಪಸ್ ಬಂದಾಗ ಅಲ್ಲೇ ಮೈ ಒರೆಸಿಕೊಂಡು ಆಮೇಲೆ ಲಾಕರ್ ಕಡೆಗೆ ಹೋಗಬೇಕು. ನೆಲ ಒದ್ದೆ ಮಾಡಿದರೆ ಅಲ್ಲಿನ ಅಜ್ಜಿಯರು ಬೈಯುತ್ತಾರೆ. ಭಾಷೆ ಅರ್ಥ ಆಗದಿದ್ದರೂ ಬೈಗುಳ ಅಂತ ಗೊತ್ತಾಗುತ್ತದೆ.